ನಾಯಕನಿಲ್ಲದ ಪ್ರೇಮಕಥೆ: ‘ಯೂಮಿಯ ಜೀವಕೋಶಗಳು’

ಕಿಮ್ ಯೂಮಿ ನೂಡಲ್ಸ್ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವವಳು. ವಯಸ್ಸು ಮೂವತ್ತು ದಾಟಿದೆ. ಒಬ್ಬಳೇ ಇರುತ್ತಾಳೆ. ರಾತ್ರಿ ಏನೂ ತಿನ್ನಬಾರದು ಎಂದುಕೊಂಡೇ ತಿನ್ನುತ್ತಾಳೆ. ಹಿಂದೊಂದು ಪ್ರೀತಿ ಮುರಿದುಬಿದ್ದಿದೆ, ಈಗ ಆಫೀಸಿನ ಕಿರಿಯ ಸಹೋದ್ಯೋಗಿಯೊಬ್ಬನ ಮೇಲೆ ಸಣ್ಣ ಕಣ್ಣು. ಕೊರಿಯಾದ ಪ್ರೇಮಕಥೆಗಳನ್ನು ಒಂದಿಷ್ಟು ಓದಿದವರು ಇಷ್ಟು ಕೇಳಿದ ಕೂಡಲೇ ಮುಂದಿನದನ್ನು ತಾವೇ ಹೇಳಿಬಿಡುತ್ತಾರೆ. ಸಿಡುಕು ಮೋರೆಯ ಶ್ರೀಮಂತ ವಾರಸುದಾರನೊಬ್ಬ ಬರಬೇಕು, ಅವನಿಗೆ ಎದುರಾಗಿ ಒಳ್ಳೆಯವನಾದ ಎರಡನೆಯವನೊಬ್ಬ ನಿಲ್ಲಬೇಕು, ನಡುವೆ ಒಂದು ದೊಡ್ಡ ತಪ್ಪುತಿಳಿವಳಿಕೆ ನಡೆಯಬೇಕು, ಕೊನೆಗೆ ಮಳೆಯಲ್ಲೋ ವಿಮಾನ ನಿಲ್ದಾಣದಲ್ಲೋ ಎಲ್ಲ ಸರಿಹೋಗಬೇಕು.

ಲೀ ಡಾಂಗ್‌ಗನ್ ಬರೆದು ಚಿತ್ರಿಸಿದ ಕೊರಿಯನ್ ಕಾಮಿಕ್ಸ್ ‘ಯೂಮಿಯ ಜೀವಕೋಶಗಳು’ ಈ ಯಾವ ದಾರಿಯನ್ನೂ ಹಿಡಿಯುವುದಿಲ್ಲ. ಅದು ನೇರವಾಗಿ ಯೂಮಿಯ ತಲೆಯೊಳಗೆ ಇಳಿಯುತ್ತದೆ. ಅಲ್ಲಿ ಒಂದು ಊರಿದೆ. ನೀಲಿ ಉಡುಪಿನ ಪುಟಾಣಿ ಜೀವಕೋಶಗಳು ಅಲ್ಲಿ ದಿನವಿಡೀ ಓಡಾಡಿ, ಸಭೆ ಸೇರಿ, ಕೂಗಾಡಿ, ಯೂಮಿ ಮುಂದೆ ಏನು ಮಾಡಬೇಕೆಂದು ತೀರ್ಮಾನಿಸುತ್ತವೆ. ನಮ್ಮ ಗ್ರಾಮ ಪಂಚಾಯಿತಿಯ ಸಭೆಯಂತೆ ಇಲ್ಲಿಯೂ ಜೋರು ದನಿಯವರ ಮಾತು ನಡೆಯುತ್ತದೆ, ಠರಾವು ಪಾಸಾದ ಮೇಲೆ ಅದನ್ನು ಜಾರಿಗೆ ತರುವವರು ಮರೆತುಬಿಡುತ್ತಾರೆ.

ಕೊರಿಯಾದ ಆನ್‌ಲೈನ್ ಕಾಮಿಕ್ಸ್ ತಾಣ ನೇವರ್ ವೆಬ್‌ಟೂನ್‌ನಲ್ಲಿ 2015ರ ಏಪ್ರಿಲ್ 1ರಂದು ಶುರುವಾದ ಈ ಕಾಮಿಕ್ಸ್ ವಾರಕ್ಕೆ ಎರಡು ಕಂತಿನಂತೆ ನಡೆದು, 2020ರ ನವೆಂಬರ್‌ನಲ್ಲಿ 512ನೇ ಕಂತಿಗೆ ಮುಗಿಯಿತು. ಐದೂವರೆ ವರ್ಷಕ್ಕಿಂತ ಹೆಚ್ಚು ಕಾಲ ಒಬ್ಬ ಸಾಧಾರಣ ನೌಕರಸ್ಥೆಯ ಮನಸ್ಸಿನ ಆಡಳಿತವನ್ನು ಓದುಗರು ಬಿಡದೆ ಹಿಂಬಾಲಿಸಿದರು. ಹುಡುಗಿಯೊಬ್ಬಳ ತಲೆಯೊಳಗಿನ ಭಾವಗಳೇ ಪಾತ್ರಗಳಾದ ಹಾಲಿವುಡ್‌ನ ‘ಇನ್‌ಸೈಡ್ ಔಟ್’ ಸಿನಿಮಾದ ನಕಲಲ್ಲವೇ ಎಂಬ ಪ್ರಶ್ನೆ ಈ ಕೃತಿಗೆ ಸದಾ ಎದುರಾಗುತ್ತದೆ. ಆ ಸಿನಿಮಾ ತೆರೆಕಂಡದ್ದು ಅದೇ ವರ್ಷದ ಜೂನ್‌ನಲ್ಲಿ, ಯೂಮಿ ಅದಕ್ಕೂ ಮೊದಲೇ ನಡೆಯುತ್ತಿದ್ದಳು. ಅದಕ್ಕಿಂತ ಮುಖ್ಯವಾದ ವ್ಯತ್ಯಾಸ ಬೇರೆಯದು. ಸಿನಿಮಾದಲ್ಲಿ ಇರುವುದು ಐದು ಭಾವಗಳು. ಇಲ್ಲಿ ಇರುವುದು ಹುದ್ದೆಗಳು.

ಈ ಹುದ್ದೆಗಳ ಪಟ್ಟಿಯಲ್ಲೇ ಕೃತಿಯ ಅರ್ಧ ಜಾಣತನವಿದೆ. ಪ್ರೀತಿಕೋಶ, ವಿವೇಕಕೋಶ, ಭಾವುಕಕೋಶಗಳು ಮೇಲ್ದರ್ಜೆಯವು. ಅವುಗಳ ಕೆಳಗೆ ಜಿಪುಣಕೋಶ ಇದೆ, ಅದಕ್ಕೂ ಫ್ಯಾಷನ್‌ಕೋಶಕ್ಕೂ ಆಗಿಬರುವುದಿಲ್ಲ. ಮರ್ಯಾದೆಕೋಶ ಇದೆ. ಸುಳಿವು ಸಿಕ್ಕ ಕೂಡಲೇ ಭೂತಗನ್ನಡಿ ಹಿಡಿಯುವ ಪತ್ತೇದಾರಿಕೋಶ ಇದೆ. ರಾತ್ರಿ ಮಲಗುವ ಮುನ್ನ ಯೂಮಿಯನ್ನು ಎಬ್ಬಿಸಿ ಮುಖ ತೊಳೆಸುವುದಕ್ಕೆಂದೇ ಒಂದು ಕೋಶ ಇದೆ. ಮನದಾಳದ ಮಾತನ್ನು ಸಮಯಸಂದರ್ಭ ನೋಡದೆ ಹೊರಗೆ ಹಾಕಲು ಹವಣಿಸುವ ‘ನಿಜಮನ’ ಇದೆ, ಅದರ ಬಾಯಿಗೆ ಅಡ್ಡಹಾಕುವುದೇ ಉಳಿದವರಿಗೆ ಒಂದು ಕೆಲಸ. ಹಸಿವಿನ ಕೋಶ ಎಲ್ಲರಿಗಿಂತ ದೈತ್ಯ. ಕಾಮದ ಕೋಶ ನೋಡಲು ಪುಟ್ಟದು, ಆದರೆ ಸಮಯ ಬಂದರೆ ಡೈನೋಸಾರ್ ಗಾತ್ರಕ್ಕೆ ಬೆಳೆಯುತ್ತದೆ. ಭಾವುಕಕೋಶ ರಾತ್ರಿಯಾದ ಮೇಲೆ ಬಲಗೊಳ್ಳುತ್ತದೆ, ವಿವೇಕಕೋಶ ಹಗಲಿನ ನೌಕರ. ಮಧ್ಯರಾತ್ರಿ ಕಳಿಸಿದ ಸಂದೇಶಕ್ಕೆ ಬೆಳಿಗ್ಗೆ ನಾಚಿಕೆಪಡುವುದು ಏಕೆ ಎಂಬುದಕ್ಕೆ ಇಷ್ಟು ಚಿಕ್ಕ, ಇಷ್ಟು ಸರಿಯಾದ ವಿವರಣೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಲ್ಲಿ ಇನ್ನೂ ಎರಡು ನಿಯಮಗಳಿವೆ. ಅವನ್ನು ಹಿಡಿದುಕೊಂಡರೆ 512 ಕಂತುಗಳ ಕಥೆ ಕೈಗೆ ಸಿಗುತ್ತದೆ. ಮೊದಲನೆಯದು, ಪ್ರತಿಯೊಬ್ಬ ಮನುಷ್ಯನಲ್ಲೂ ಒಂದು ‘ಪ್ರೈಮ್’ ಕೋಶ ಇರುತ್ತದೆ, ಎಂದರೆ ಆ ವ್ಯಕ್ತಿಯನ್ನು ನಿಜವಾಗಿ ನಡೆಸುವ ಅತ್ಯಂತ ಬಲಶಾಲಿ ಕೋಶ. ಯೂಮಿಯ ಪ್ರೈಮ್ ಕೋಶ ಪ್ರೀತಿಯದು. ಕಥೆ ಶುರುವಾಗುವಾಗ ಆ ಕೋಶ ಹಳೆಯ ವಿರಹದ ಪೆಟ್ಟಿಗೆ ಪ್ರಜ್ಞೆ ತಪ್ಪಿ ಬಿದ್ದಿದೆ. ಹೀಗಾಗಿ ಊರಿನ ಮುಖ್ಯಸ್ಥೆ ಇಲ್ಲದೆ ಊರು ನಡೆಯುತ್ತಿದೆ, ಉಳಿದವರು ಹೇಗೋ ದಿನ ದೂಡುತ್ತಿದ್ದಾರೆ. ಎರಡನೆಯದು ಆದ್ಯತೆಯ ಪಟ್ಟಿ. ಯೂಮಿಯ ಊರಿನಲ್ಲಿ ಯಾರು ಮೊದಲ ಸ್ಥಾನದಲ್ಲಿದ್ದಾರೆ, ಯಾರು ಎರಡನೆಯದರಲ್ಲಿ ಎಂಬುದು ನಿಗದಿಯಾಗಿರುತ್ತದೆ, ಕೋಶಗಳ ಕೆಲಸವೆಲ್ಲ ಅದರಂತೆ ನಡೆಯುತ್ತದೆ. ಈ ಪಟ್ಟಿ ಮೊದಲು ತಮಾಷೆಯಂತೆ ಕಾಣುತ್ತದೆ. ನೂರು ಕಂತು ಕಳೆದ ಮೇಲೆ ಕಥೆಯ ಭಾರವೆಲ್ಲ ಅದರ ಮೇಲೇ ನಿಂತಿರುವುದು ತಿಳಿಯುತ್ತದೆ.

ಮುಂದೆ ಕಥೆಯ ತಿರುವುಗಳನ್ನು ಹೇಳುತ್ತೇನೆ. ಯಾರು ಬಿಟ್ಟುಹೋದರು ಎಂದು ಮೊದಲೇ ತಿಳಿದರೆ ರುಚಿ ಕೆಡುವ ಕೃತಿ ಇದಲ್ಲ, ಆದರೂ ಬೇಡವೆನ್ನುವವರು ಇಲ್ಲಿಗೆ ನಿಲ್ಲಿಸಬಹುದು.

ಯೂಮಿ ಕಣ್ಣಿಟ್ಟಿದ್ದ ಕಿರಿಯ ಸಹೋದ್ಯೋಗಿ ಊಗಿ ಅವಳನ್ನು ತನ್ನ ಪರಿಚಯದ ಗು ಉಂಗ್ ಎಂಬವನಿಗೆ ಪರಿಚಯಿಸುತ್ತಾನೆ. ಉಂಗ್ ಗೇಮ್ ತಯಾರಿಸುವ ಪ್ರೋಗ್ರಾಮರ್. ವೇಷಭೂಷಣದ ಗೊಡವೆ ಇಲ್ಲ, ಮಾತಿನಲ್ಲಿ ಸುತ್ತುಬಳಸು ಇಲ್ಲ, ಎಲ್ಲವನ್ನೂ ‘ಹೀಗಾದರೆ ಹೀಗೆ, ಇಲ್ಲವಾದರೆ ಹಾಗೆ’ ಎಂದು ಕೋಡ್ ಬರೆದಂತೆ ಯೋಚಿಸುವವನು. ಪ್ರೇಮಕಥೆಯ ಹಳೆಯ ಲೆಕ್ಕದಲ್ಲಿ ಇವನು ನಾಯಕನಾಗಲು ಯೋಗ್ಯನೇ ಅಲ್ಲ. ಆದರೆ ಲೀ ಒಂದು ಕೆಲಸ ಮಾಡುತ್ತಾರೆ: ಉಂಗ್‌ನ ತಲೆಯೊಳಗಿನ ಊರನ್ನೂ ತೋರಿಸುತ್ತಾರೆ. ಇದೇ ಈ ಕಾಮಿಕ್ಸ್‌ನ ನಿಜವಾದ ಯಂತ್ರ. ಬೇರೆ ಪ್ರೇಮಕಥೆಗಳು ಓದುಗರನ್ನು ನಾಯಕಿಯ ಜೊತೆ ಕೂರಿಸಿ, ಎದುರಿನವನ ಮನಸ್ಸನ್ನು ಒಗಟಾಗಿ ಇಟ್ಟು, ಆ ಒಗಟಿನ ಬಲದಿಂದಲೇ ನಡೆಯುತ್ತವೆ. ಅವನು ನನ್ನನ್ನು ಪ್ರೀತಿಸುತ್ತಾನೋ ಇಲ್ಲವೋ ಎಂಬ ಒಂದು ಪ್ರಶ್ನೆಯ ಮೇಲೆ ಇಪ್ಪತ್ತು ಸಂಪುಟ ಸಾಗಿಸಬಹುದು. ಇಲ್ಲಿ ಉತ್ತರ ಮೊದಲೇ ಗೊತ್ತು. ಉಂಗ್ ಪ್ರೀತಿಸುತ್ತಾನೆ, ಅವನ ಪ್ರೀತಿಕೋಶ ಬೆವರು ಸುರಿಸಿ ದುಡಿಯುವುದನ್ನು ನಾವೇ ಕಾಣುತ್ತೇವೆ. ಹಾಗಿದ್ದೂ ಸಂಬಂಧ ಮುರಿಯುತ್ತದೆ. ಆಗ ಪ್ರಶ್ನೆ ಬೇರೆಯಾಗುತ್ತದೆ: ಇಬ್ಬರೂ ಪ್ರೀತಿಸುವಾಗ, ಇಬ್ಬರೂ ಕೆಟ್ಟವರಲ್ಲದಿರುವಾಗ, ಕೆಡುವುದು ಯಾವುದು?

ಲೀ ಕೊಡುವ ಉತ್ತರ ಬಹಳ ನಿಖರವಾದದ್ದು. ಉಂಗ್‌ನ ಕಂಪನಿ ಸಂಕಷ್ಟಕ್ಕೆ ಸಿಕ್ಕುತ್ತದೆ. ಅದನ್ನು ಯೂಮಿಗೆ ಹೇಳಲು ಅವನ ಸ್ವಾಭಿಮಾನ ಬಿಡುವುದಿಲ್ಲ. ಹೇಳದೆ ಬಚ್ಚಿಟ್ಟದ್ದರಿಂದ ಅವನ ನಡೆ ಯೂಮಿಗೆ ಉದಾಸೀನದಂತೆ ಕಾಣುತ್ತದೆ. ಇತ್ತ ಯೂಮಿಯ ಆದ್ಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನ ಉಂಗ್‌ನದು, ಅವಳದ್ದು ಆಮೇಲೆ. ಉಂಗ್‌ನ ಊರಿನ ಪಟ್ಟಿಯಲ್ಲಿ ಮೊದಲ ಸ್ಥಾನ ಉಂಗ್‌ನದೇ. ಅವನ ಸ್ನೇಹಿತೆಯೂ ಸಹೋದ್ಯೋಗಿಯೂ ಆದ ಸೆಯಿ ನಡುವೆ ಬಂದು ಸಣ್ಣ ಕಿಡಿಗಳನ್ನು ಹಾರಿಸುತ್ತಾಳೆ ನಿಜ, ಆದರೆ ಬೆಂಕಿ ಹಚ್ಚಿದವಳು ಅವಳಲ್ಲ. ಎರಡು ಪಟ್ಟಿಗಳು ತಾಳೆಯಾಗದಿರುವುದು, ಅದರ ಜೊತೆಗೆ ಒಂದು ಮೌನ. ಇಷ್ಟೇ ಸಾಕಾಗುತ್ತದೆ. ಇಬ್ಬರ ಕೈಯಲ್ಲೂ ‘ಬೇರೆಯಾಗೋಣ’ ಎಂಬ ಚೀಟಿ ಇಸ್ಪೀಟಿನ ಎಲೆಯಂತೆ ಇರುತ್ತದೆ. ಹೆದರಿಸಲು ಇಟ್ಟುಕೊಂಡ ಎಲೆ ಒಂದು ದಿನ ಮೇಜಿನ ಮೇಲೆ ಬಿದ್ದೇ ಬೀಳುತ್ತದೆ.

ಪ್ರೀತಿ ಕಡಿಮೆಯಾದದ್ದರಿಂದ ಸಂಬಂಧ ಮುರಿಯಿತು ಎಂದು ಹೇಳುವುದು ಕಥೆಗಾರರಿಗೆ ಸುಲಭ. ಪ್ರೀತಿ ಇದ್ದೂ ಆಡಳಿತ ಸೋತದ್ದರಿಂದ ಮುರಿಯಿತು ಎಂದು ತೋರಿಸಬೇಕಾದರೆ ಇಡೀ ಊರಿನ ನಕ್ಷೆ ಬೇಕು. ಲೀ ಆ ನಕ್ಷೆಯನ್ನು ನಗೆಹನಿಗಳ ನೆಪದಲ್ಲಿ ಕಂತು ಕಂತಾಗಿ ಬರೆದಿಟ್ಟಿರುತ್ತಾರೆ. ಹಸಿವಿನ ಕೋಶದ ಹಾಸ್ಯಕ್ಕೆ ನಕ್ಕ ಓದುಗರಿಗೆ ತಾವು ಒಂದು ವ್ಯವಸ್ಥೆಯ ನಿಯಮಗಳನ್ನು ಕಲಿಯುತ್ತಿದ್ದೇವೆ ಎಂಬುದು ಗೊತ್ತಾಗಿರುವುದಿಲ್ಲ.

ಈ ವಿರಹದ ಸುತ್ತಿನಲ್ಲೇ ಕೃತಿಯ ಅತ್ಯಂತ ಹೆಸರಾದ ಕಂತು ಬರುತ್ತದೆ. ಯೂಮಿ ತನ್ನದೇ ತಲೆಯೊಳಗಿನ ಊರಿಗೆ ಹೋಗಿ, ಅಲ್ಲಿಯ ಸೂಚನಾ ಫಲಕವನ್ನು ನೋಡಿಕೊಳ್ಳುವ ಕೋಶದ ಜೊತೆ ಮಾತಾಡುತ್ತಾಳೆ. ಈ ಕಥೆಯ ನಾಯಕ ಉಂಗ್ ತಾನೇ ಎಂಬ ಧಾಟಿಯಲ್ಲಿ ಅವಳು ಕೇಳಿದಾಗ ಆ ಕೋಶ ಕೊಡುವ ಉತ್ತರದ ಸಾರ ಇದು: ಇಲ್ಲಿ ನಾಯಕ ಎಂದು ಬೇರೆ ಯಾರೂ ಇಲ್ಲ, ಈ ಊರಿನ ಮುಖ್ಯಪಾತ್ರ ಒಬ್ಬರೇ. ಆ ಒಬ್ಬರು ಯಾರೆಂದು ಯೂಮಿಗೆ ಹೇಳಬೇಕಾಗಿಲ್ಲ. ಕೊರಿಯಾದ ಓದುಗರು ವರ್ಷಗಳ ಕಾಲ ಹಂಚಿಕೊಂಡದ್ದು ಈ ಕಂತನ್ನೇ. ಬಿಡಿಯಾಗಿ ಓದಿದರೆ ಇದು ಆತ್ಮವಿಶ್ವಾಸದ ಪೋಸ್ಟರ್‌ನ ಹಾಗೆ ಕಾಣಬಹುದು. ಸರಣಿಯೊಳಗೆ ಓದಿದರೆ ಹಾಗಾಗುವುದಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಆದ್ಯತೆಯ ಪಟ್ಟಿಯ ಲೆಕ್ಕ ನಮಗೆ ಬಾಯಿಪಾಠವಾಗಿರುತ್ತದೆ. ಮೊದಲ ಸ್ಥಾನಕ್ಕೆ ಯೂಮಿಯ ಹೆಸರು ಬರುವುದೆಂದರೆ ಅಲ್ಲಿಂದ ಯಾರ ಹೆಸರನ್ನು ಇಳಿಸಬೇಕು, ಇಳಿಸುವಾಗ ಪ್ರೀತಿಕೋಶಕ್ಕೆ ಏನಾಗುತ್ತದೆ ಎಂಬುದೂ ಗೊತ್ತಿರುತ್ತದೆ.

ಈ ಬಗೆಯ ರೂಪಕ ನಮ್ಮ ಕಡೆಯವರಿಗೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ಕೃಷ್ಣಮಿಶ್ರ ಬರೆದ ಸಂಸ್ಕೃತ ನಾಟಕ ‘ಪ್ರಬೋಧಚಂದ್ರೋದಯ’ದಲ್ಲಿ ವಿವೇಕ ಮತ್ತು ಮಹಾಮೋಹ ಇಬ್ಬರು ರಾಜರು, ಕಾಮ, ಕ್ರೋಧ, ದಂಭ, ಶ್ರದ್ಧೆ, ಶಾಂತಿಯರೆಲ್ಲ ರಂಗದ ಮೇಲೆ ನಡೆದಾಡುವ ಪಾತ್ರಗಳು. ಅಲ್ಲಿ ಮನಸ್ಸು ರಣಭೂಮಿ. ವಿವೇಕ ಗೆಲ್ಲಬೇಕು, ಮೋಹ ಸೋಲಬೇಕು, ಕೊನೆಗೆ ಜ್ಞಾನೋದಯವಾಗಬೇಕು. ಯೂಮಿಯ ಊರಿನಲ್ಲಿ ಕಾಮಕ್ಕೂ ಮನೆಯಿದೆ, ಜಿಪುಣತನಕ್ಕೂ ಸಂಬಳವಿಲ್ಲದ ನೌಕರಿಯಿದೆ, ಮತ್ಸರವನ್ನೂ ಯಾರೂ ಗಡಿಪಾರು ಮಾಡುವುದಿಲ್ಲ. ಕೋಶಗಳು ಎಷ್ಟೇ ಎಡವಟ್ಟು ಮಾಡಿದರೂ ಅವುಗಳ ನಿಷ್ಠೆ ಒಂದಕ್ಕೇ, ಯೂಮಿ ಚೆನ್ನಾಗಿರಬೇಕು. ಅನುಮಾನಪಡುವ ಪತ್ತೇದಾರಿಕೋಶ ತಪ್ಪು ಮನೆಯ ಬಾಗಿಲು ತಟ್ಟಿದರೂ ಅದು ಹೊರಟದ್ದು ಅವಳನ್ನು ಕಾಪಾಡಲು. ಅರಿಷಡ್ವರ್ಗವನ್ನು ಗೆಲ್ಲಬೇಕೆಂದು ಕೇಳಿಕೊಂಡೇ ಬೆಳೆದ ಓದುಗರಿಗೆ ಈ ಒಂದು ಬದಲಾವಣೆ ವಿಚಿತ್ರವಾದ ನಿರಾಳತೆಯನ್ನು ಕೊಡುತ್ತದೆ.

ಇನ್ನು ರೂಪದ ವಿಷಯ. ಇದನ್ನು ಬಿಟ್ಟು ಕಥೆಯನ್ನಷ್ಟೇ ಹೊಗಳಿದರೆ ಅರ್ಧ ನ್ಯಾಯವಾಗುತ್ತದೆ.

ವೆಬ್‌ಟೂನ್ ಎಂದರೆ ಪುಟಗಳನ್ನು ಸ್ಕ್ಯಾನ್ ಮಾಡಿ ಪರದೆಗೆ ಹಾಕಿದ ಕಾಮಿಕ್ಸ್ ಅಲ್ಲ. ಅದು ಮೇಲಿನಿಂದ ಕೆಳಕ್ಕೆ ಇಳಿಯುವ ಒಂದೇ ಉದ್ದನೆಯ ಪಟ್ಟಿ. ಈ ಶೈಲಿ ಕೊರಿಯಾದಲ್ಲಿ ಜನಪ್ರಿಯವಾದದ್ದೇ ಒಂದು ಪ್ರೇಮಕಥೆಯಿಂದ. 2003ರಲ್ಲಿ ಕಾಂಗ್ ಫುಲ್ ಅವರು ದಾಉಮ್ ಎಂಬ ತಾಣದಲ್ಲಿ ಸಾಧಾರಣ ನೌಕರನೊಬ್ಬನ ಪ್ರೀತಿಯ ಕಥೆಯನ್ನು ಹೀಗೆ ಉದ್ದುದ್ದವಾಗಿ ಹೇಳಿದಾಗಲೇ, ಮೌಸ್ ಉರುಳಿಸುತ್ತಾ ದೀರ್ಘ ಕಥೆ ಓದಬಹುದು ಎಂಬುದು ಬಹಳ ಜನರಿಗೆ ಮನವರಿಕೆಯಾಯಿತು. ಆಮೇಲೆ ಫೋನ್ ಬಂತು, ಪಟ್ಟಿ ಹೆಬ್ಬೆರಳಿನ ಅಡಿಗೆ ಬಂತು.

ಪುಟದಲ್ಲಿ ಕಣ್ಣು ಒಂದೇ ಸಲ ಆರೇಳು ಚೌಕಗಳನ್ನು ಕಾಣುತ್ತದೆ. ಎಡಪುಟ ಓದುವಾಗಲೇ ಬಲಪುಟದ ಮೂಲೆಯಲ್ಲಿ ಅಳುವ ಮುಖ ಕಂಡುಬಿಡುತ್ತದೆ. ಉದ್ದಪಟ್ಟಿಯಲ್ಲಿ ಒಂದು ಹೊತ್ತಿಗೆ ಒಂದೋ ಎರಡೋ ಚೌಕ ಮಾತ್ರ. ಹೀಗಾಗಿ ಚೌಕಗಳ ನಡುವಿನ ಖಾಲಿ ಜಾಗವೇ ಗಡಿಯಾರವಾಗುತ್ತದೆ. ಜಾಗ ಕಿರಿದಾದರೆ ಮಾತು ತಟಪಟ ಸಾಗುತ್ತದೆ, ಜಾಗ ಅಗಲವಾದರೆ ಮೌನ. ಹೆಬ್ಬೆರಳು ಮೂರು ಸಲ ಸರಿದರೂ ಬಿಳಿಯೇ ಕಾಣುತ್ತಿದ್ದರೆ ಓದುಗರ ಎದೆಯಲ್ಲಿ ಏನೋ ಹೊರಳುತ್ತದೆ. ಲೀ ಇದನ್ನು ಅತಿಯಾಗಿ ಬಳಸುವವರಲ್ಲ. ಅವರ ಗೆರೆ ಸರಳ, ಬಣ್ಣ ಸಪಾಟು, ಹಿನ್ನೆಲೆ ಬಹುಪಾಲು ಖಾಲಿ. ಅವರ ಕೈಚಳಕ ಇರುವುದು ಹೊರಗೂ ಒಳಗೂ ಓಡಾಡುವ ಲಯದಲ್ಲಿ.

ಆ ಲಯ ಹೀಗೆ. ಹೊರಗೆ ಯೂಮಿಯ ಫೋನಿಗೆ ಒಂದು ಸಾಲಿನ ಸಂದೇಶ ಬರುತ್ತದೆ. ಒಂದು ಚೌಕ. ಮುಂದಿನ ಚೌಕದಲ್ಲಿ ಊರಿನಲ್ಲಿ ಗಂಟೆ ಬಾರಿಸುತ್ತದೆ. ಆಮೇಲಿನ ಹತ್ತಾರು ಚೌಕಗಳಲ್ಲಿ ಸಭೆ, ವಾದ, ಮತದಾನ, ನಡುವೆ ಹಸಿವಿನ ಕೋಶದ ಅಪ್ರಸ್ತುತ ಪ್ರಸಂಗ. ಕೊನೆಗೆ ಹೊರಗಿನ ಚೌಕ: ಯೂಮಿ ಎರಡು ಪದ ಟೈಪ್ ಮಾಡಿ ಕಳಿಸುತ್ತಾಳೆ. ಹೊರಗೆ ಕಳೆದದ್ದು ಅರ್ಧ ನಿಮಿಷ, ಒಳಗೆ ನಡೆದದ್ದು ಒಂದು ಅಧಿವೇಶನ. ಈ ಅನುಪಾತವನ್ನು ಅವರು ಬೇಕಾದಂತೆ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಆರಂಭದ ಪ್ರೀತಿಯಲ್ಲಿ ಒಳಗಿನ ಚೌಕಗಳು ಹೆಚ್ಚು. ಸಂಬಂಧ ಹಳತಾದಂತೆ ಹೊರಗಿನ ಸಂಭಾಷಣೆ ಹೆಚ್ಚು. ನಿಜವಾದ ಪೆಟ್ಟು ಬೀಳುವ ಹೊತ್ತಿಗೆ ಊರಿಗೆ ಊರೇ ಮೂಕವಾಗುತ್ತದೆ, ಕೋಶಗಳು ಬಾಯಿ ಬಿಡುವುದಿಲ್ಲ. ತಮಾಷೆಯ ಪಾತ್ರಗಳನ್ನು ಸುಮ್ಮನಾಗಿಸುವುದು ಎಷ್ಟು ಬಲವಾದ ಉಪಾಯ ಎಂಬುದು ಅಲ್ಲಿ ತಿಳಿಯುತ್ತದೆ. ಆಮೇಲೆ ಅಳು ಬಂದರೆ ಊರಿಗೆ ನೆರೆ ಬರುತ್ತದೆ.

ಎರಡನೆಯ ಪ್ರೇಮಿ ಯೂ ಬಾಬಿ. ಅದೇ ಕಂಪನಿಯ ಮಾರ್ಕೆಟಿಂಗ್ ವಿಭಾಗದವನು, ನಯ, ಮೃದು, ನೋಡಲು ಚೆಂದ, ಉಂಗ್‌ನಲ್ಲಿ ಇಲ್ಲದ್ದೆಲ್ಲ ಇವನಲ್ಲಿದೆ. ಯೂಮಿ ನೌಕರಿ ಬಿಟ್ಟು ಬರೆಯಬೇಕೆಂಬ ಆಸೆ ಹೇಳಿಕೊಂಡಾಗ ಬೆನ್ನು ತಟ್ಟುವವನೂ ಇವನೇ. ಊರಿನಲ್ಲಿ ಬರಹಗಾರಕೋಶ ಎಂಬ ಮೂಲೆಗುಂಪಾಗಿದ್ದ ಜೀವವೊಂದು ತಲೆಯೆತ್ತುವುದು ಈ ಕಾಲದಲ್ಲಿ. ಬೇರೆ ಕಥೆಯಾಗಿದ್ದರೆ ಬಾಬಿಯೇ ಬಹುಮಾನ: ಮೊದಲನೆಯವನು ಕೈಕೊಟ್ಟ, ಎರಡನೆಯವನು ಕೈಹಿಡಿದ.  ಆದರೆ ಮುಂದೆ ದಾಉನ್ ಎಂಬ ಕಿರಿಯಳೊಬ್ಬಳ ಕಡೆಗೆ ಅವನ ಮನಸ್ಸು ಕ್ಷಣಕಾಲ ಓಲಾಡುತ್ತದೆ. ಸೆರೆಹಿಡಿಯಬಹುದಾದ ದ್ರೋಹ ಏನೂ ನಡೆಯುವುದಿಲ್ಲ. ಓಲಾಟ ಮಾತ್ರ. ಈ ಅಳತೆಯ ತಪ್ಪನ್ನು ಏನೆಂದು ಕರೆಯಬೇಕು? ಕೊರಿಯಾದ ಓದುಗರು ಈ ಕಂತುಗಳು ಬಂದಾಗ ಕೆಂಡವಾದರು. ಬಾಬಿಯನ್ನು ಬೈಯದವರು ಕಡಿಮೆ. ನನಗೆ ಮಾತ್ರ ಇಡೀ ಸರಣಿಯಲ್ಲಿ ಅತ್ಯಂತ ಧೈರ್ಯದ ಬರವಣಿಗೆ ಇದೇ ಅನಿಸುತ್ತದೆ. ಒಳಗಿನ ಊರು ತೋರಿಸುವ ಕಾಮಿಕ್ಸ್ ಆದ್ದರಿಂದ ಇಲ್ಲಿ ‘ಏನೂ ನಡೆದಿಲ್ಲ’ ಎಂಬ ಸಮಜಾಯಿಷಿಗೆ ಜಾಗವೇ ಉಳಿಯುವುದಿಲ್ಲ. ಹೊರಗೆ ನಡೆಯದಿದ್ದರೂ ಒಳಗೆ ನಡೆದಿರುತ್ತದೆ. ಮನಸ್ಸಿನಲ್ಲೇ ಮಂಡಿಗೆ ತಿಂದವನಿಗೂ ಇಲ್ಲಿ ಲೆಕ್ಕ ಕೇಳುತ್ತಾರೆ. ಜೊತೆಗೆ, ಉಂಗ್‌ನ ಜೊತೆ ಮೌನ ಕೆಡಿಸಿತ್ತು, ಇಲ್ಲಿ ಮಾತು ಚೆನ್ನಾಗಿದ್ದೂ ಕೆಡುತ್ತದೆ. ಒಂದು ಸಂಬಂಧದಲ್ಲಿ ಕಲಿತ ಪಾಠ ಮುಂದಿನದಕ್ಕೆ ಉಪಯೋಗಕ್ಕೆ ಬರುವುದಿಲ್ಲ.

ದೋಷಗಳಿಲ್ಲವೆಂದಲ್ಲ. ದೊಡ್ಡದು ಹೆಂಗಸರ ವಿಷಯದಲ್ಲೇ ಇದೆ. ಗಂಡಸರು ಮುಗ್ಗರಿಸಿದಾಗ ಅವರ ಊರಿನೊಳಗೆ ನಮಗೆ ಪ್ರವೇಶ ಸಿಗುತ್ತದೆ, ಕ್ಷಮಿಸಲು ಕಾರಣ ಸಿಗುತ್ತದೆ. ಸೆಯಿಗೆ, ಆಫೀಸಿನ ಪ್ರತಿಸ್ಪರ್ಧಿ ರೂಬಿಗೆ ಆ ಔದಾರ್ಯ ಅಷ್ಟಾಗಿ ದೊರೆಯುವುದಿಲ್ಲ. ರೂಬಿ ಬಹುಕಾಲ ನಗೆಪಾಟಲಿನ ಖಳನಾಯಕಿಯಾಗಿಯೇ ಉಳಿಯುತ್ತಾಳೆ. ಯೂಮಿಯ ಸಿಟ್ಟಿಗೆ ಹಿಸ್ಟೀರಿಯಾದ ಹೆಸರಿಟ್ಟು ಅದನ್ನೊಂದು ರಾಕ್ಷಸಾಕಾರವಾಗಿ ಚಿತ್ರಿಸಿರುವುದು ಹತ್ತು ವರ್ಷದ ಹಿಂದೆ ನಗು ತರಿಸಿರಬಹುದು, ಈಗ ಓದಿದರೆ ಹಳಸಲು ವಾಸನೆ. ಬರಹಗಾರ್ತಿಯಾಗುವ ದಾರಿಯೂ ಸ್ವಲ್ಪ ಹೆಚ್ಚೇ ನುಣುಪಾಗಿದೆ. ನೌಕರಿ ಬಿಟ್ಟವರ ಬಾಡಿಗೆ, ಸಾಲದ ಕಂತು, ಖಾಲಿ ತಿಂಗಳುಗಳನ್ನು ಕಥೆ ಬೇಗ ದಾಟಿಬಿಡುತ್ತದೆ. ಜಿಪುಣಕೋಶ ಇಷ್ಟೊಂದು ಚುರುಕಾಗಿರುವ ಊರಿನಲ್ಲಿ ಇದು ಎದ್ದು ಕಾಣುವ ಕೊರತೆ.

ಓದಲು ಹೊರಡುವವರಿಗೆ ಒಂದಿಷ್ಟು ವ್ಯವಹಾರದ ಮಾತು. ಕನ್ನಡದ ಓದುಗರಿಗೆ ಸುಲಭವಾದ ದಾರಿಯೆಂದರೆ ವೆಬ್‌ಟೂನ್ ಆ್ಯಪಿನ ಇಂಗ್ಲಿಷ್ ಆವೃತ್ತಿ. ಎಷ್ಟು ಕಂತು ಉಚಿತ, ಎಷ್ಟಕ್ಕೆ ದುಡ್ಡು ಕೊಟ್ಟು ಕೊಳ್ಳುವ ಆ್ಯಪಿನ ‘ನಾಣ್ಯ’ ಕೊಡಬೇಕು ಎಂಬುದು ಆಗಾಗ ಬದಲಾಗುತ್ತದೆ, ಶುರುಮಾಡುವ ಮುನ್ನ ನೋಡಿಕೊಳ್ಳಿ. ಒಂದು ಕಂತಿಗೆ ಮೂರು ನಾಲ್ಕು ನಿಮಿಷ ಸಾಕು. ನಾಲ್ಕು ನಿಮಿಷವೆಂದು ಹಿಡಿದರೂ ಇಡೀ ಸರಣಿ 34 ಗಂಟೆ. ಇದನ್ನು ಒಂದು ವಾರಾಂತ್ಯದಲ್ಲಿ ಮುಗಿಸಲು ಹೊರಟವರು ಸಾಮಾನ್ಯವಾಗಿ ನೂರೈವತ್ತರ ಹತ್ತಿರ ಸೋಲುತ್ತಾರೆ. ಕಾರಣವಿದೆ. ವಾರಕ್ಕೆರಡರಂತೆ ಓದಲೆಂದು ಕಟ್ಟಿದ ಕಂತುಗಳು ಇವು, ಪ್ರತಿಯೊಂದಕ್ಕೂ ತನ್ನದೇ ನಗೆ, ತನ್ನದೇ ಕೊಕ್ಕೆ. ಐವತ್ತನ್ನು ಒಟ್ಟಿಗೆ ನುಂಗಿದರೆ ಸಭೆಯ ಹಾಸ್ಯ ಪುನರಾವರ್ತನೆಯಂತೆ ಕಾಣುತ್ತದೆ, ನಾಲಗೆ ಮರಗಟ್ಟುತ್ತದೆ. ದಿನಕ್ಕೆ ಐದಾರು ಒಳ್ಳೆಯ ಅಳತೆ, ಹತ್ತಕ್ಕೆ ನಿಲ್ಲಿಸಿ. ಮೂರು ತಿಂಗಳಲ್ಲಿ ಮುಗಿಯುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು ಮೊದಲ ಕಂತುಗಳನ್ನು ಬರೀ ನಗೆಹನಿಯೆಂದು ಹಾರಿಸಿ ‘ಕಥೆ ಶುರುವಾಗುವಲ್ಲಿಗೆ’ ಹೋಗುವುದು. ನಿಯಮಗಳೆಲ್ಲ ಬಿತ್ತನೆಯಾಗಿರುವುದು ಅಲ್ಲೇ. ಅವನ್ನು ಬಿಟ್ಟು ಹೋದವರಿಗೆ ಸೂಚನಾ ಫಲಕದ ಕಂತು ಸಪ್ಪೆಯಾಗುತ್ತದೆ. ಹಾಗೆಯೇ ಹೆಬ್ಬೆರಳಿನ ವೇಗ. ಖಾಲಿ ಜಾಗ ಬಂದಾಗ ಜೋರಾಗಿ ತಳ್ಳಿಬಿಡುವುದು ಎಲ್ಲರ ಅಭ್ಯಾಸ, ಆದರೆ ಆ ಜಾಗವೂ ಬರೆದದ್ದೇ. ಟ್ಯಾಬ್ಲೆಟ್ಟಿನಲ್ಲೋ ಕಂಪ್ಯೂಟರಿನಲ್ಲೋ ಓದಿದರೆ ಒಮ್ಮೆಲೇ ನಾಲ್ಕೈದು ಚೌಕ ಕಂಡು ಲಯ ಕೆಡುತ್ತದೆ. ಫೋನೇ ಸರಿ, ಅದನ್ನು ಅಡ್ಡ ತಿರುಗಿಸದೆ ನೆಟ್ಟಗೆ ಹಿಡಿದು ಓದಬೇಕು. ಕೊರಿಯಾದಲ್ಲಿ ಪುಸ್ತಕರೂಪದಲ್ಲೂ ಬಂದಿದೆ. ಸಂಗ್ರಹಕ್ಕೆ ಚೆಂದ, ಆದರೆ ಪಟ್ಟಿಯನ್ನು ಕತ್ತರಿಸಿ ಪುಟಕ್ಕೆ ಜೋಡಿಸಿದಾಗ ಮೌನದ ಅಳತೆ ಬದಲಾಗುವುದನ್ನು ಯಾರೂ ತಪ್ಪಿಸಲಾರರು.

ಇದೇ ಕಥೆಯ ಟಿವಿ ಧಾರಾವಾಹಿಯನ್ನು ಮೊದಲು ನೋಡಬಹುದೇ? 2021ರಲ್ಲಿ ಕೊರಿಯಾದ ಸ್ಟ್ರೀಮಿಂಗ್ ತಾಣ ಟಿವಿಂಗ್ ಮತ್ತು ಟಿವಿಎನ್ ವಾಹಿನಿಯಲ್ಲಿ ಕಿಮ್ ಗೋಉನ್ ಯೂಮಿಯಾಗಿ ನಟಿಸಿದ ಮೊದಲ ಸೀಸನ್ ಬಂತು, 2022ರಲ್ಲಿ ಎರಡನೆಯದು, ತಲಾ 14 ಕಂತು. ಮೊದಲನೆಯದು ಉಂಗ್‌ನ ಕಥೆ, ಎರಡನೆಯದು ಬಾಬಿಯದು. ಹೊರಗಿನ ಜಗತ್ತಿಗೆ ನಟರು, ಒಳಗಿನ ಊರಿಗೆ ತ್ರೀಡಿ ಅನಿಮೇಷನ್. 2024ರಲ್ಲಿ ಪೂರ್ಣ ಅನಿಮೇಷನ್ ಸಿನಿಮಾ ಕೂಡ ತೆರೆಕಂಡಿತು. ಕಿಮ್ ಗೋಉನ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ತೊಡಕು ಉಳಿದೇ ಉಳಿಯುತ್ತದೆ. ಕಾಮಿಕ್ಸಿನಲ್ಲಿ ಊರಿನ ಸಭೆ ಎಷ್ಟು ಹೊತ್ತು ನಡೆಯಬೇಕು ಎಂಬುದು ಓದುಗರ ಬೆರಳಿನಲ್ಲಿದೆ. ಧಾರಾವಾಹಿಯಲ್ಲಿ ಕೋಶಗಳು ಮಾತಾಡುವಷ್ಟು ಹೊತ್ತು ನಟಿ ಮುಖದಲ್ಲಿ ಒಂದೇ ಭಾವ ಹಿಡಿದು ಕಾಯುತ್ತಿರುವಂತೆ ಭಾಸವಾಗುತ್ತದೆ. ಜೊತೆಗೆ ದುಂಡಗಾಗಿ ಹೊಳೆಯುವ ತ್ರೀಡಿ ಕೋಶಗಳು ತುಸು ಹೆಚ್ಚೇ ಮುದ್ದಾದವು. ಲೀ ಅವರ ಬಡಕಲು ಗೆರೆಯಲ್ಲಿ ಅವು ಸ್ವಲ್ಪ ಪೆದ್ದಾಗಿ, ಸ್ವಲ್ಪ ದಣಿದವರಾಗಿ ಕಾಣುತ್ತಿದ್ದವು, ದಿನವಿಡೀ ದುಡಿದ ಸರ್ಕಾರಿ ಗುಮಾಸ್ತರ ಮುಖ. ಧಾರಾವಾಹಿ ಮೊದಲು ನೋಡಿದವರು ಕಾಮಿಕ್ಸ್ ಓದುವಾಗ ನಟರ ದನಿಯನ್ನೇ ಕೇಳುತ್ತಾರೆ. ಕಾಮಿಕ್ಸ್ ಮೊದಲು ಓದಿದವರಿಗೆ ಆ ತೊಂದರೆ ಇಲ್ಲ. ನನ್ನ ಓಟು ಕಾಮಿಕ್ಸಿಗೆ.

ಮೂರನೆಯವನು ಶಿನ್ ಸೂನ್‌ರೋಕ್. ಪ್ರಕಾಶನ ಸಂಸ್ಥೆಯ ಸಂಪಾದಕ, ಯೂಮಿಗಿಂತ ಕಿರಿಯ. ಕೆಲಸ ಮುಗಿದ ಮೇಲೆ ಮನೆ ಬಿಟ್ಟು ಕದಲದವನು, ಕೆಲಸಕ್ಕೂ ಖಾಸಗಿ ಬದುಕಿಗೂ ನಡುವೆ ದಪ್ಪ ಗೆರೆ ಎಳೆದುಕೊಂಡವನು. ಅವನ ಊರಿನಲ್ಲಿ ಯಜಮಾನಿಕೆ ವಿವೇಕದ್ದು. ಹಿಂದಿನ ಎರಡು ಪ್ರೇಮಗಳಿಗೆ ಹೋಲಿಸಿದರೆ ಈ ಭಾಗದಲ್ಲಿ ತಾಕಲಾಟ ಕಡಿಮೆ. ಹಲವರು ಇದನ್ನು ಸರಣಿಯ ದುರ್ಬಲ ಭಾಗವೆನ್ನುತ್ತಾರೆ, ಎಲ್ಲ ಬೇಗ ಬೇಗ ಸರಿಹೋಯಿತು ಎನ್ನುತ್ತಾರೆ. ನಿಧಾನವಾಗಿ ಓದಿದರೆ ಬೇರೆ ಕಾಣುತ್ತದೆ. ಇಲ್ಲಿ ಬಂದ ಯೂಮಿ ಮೊದಲ ಕಂತಿನ ಯೂಮಿಯಲ್ಲ. ಅವಳಿಗೆ ತನ್ನದೇ ಕೆಲಸವಿದೆ, ಊರಿನಲ್ಲಿ ಬರಹಗಾರಕೋಶ ಪ್ರೀತಿಕೋಶದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದೆ, ಆದ್ಯತೆಯ ಪಟ್ಟಿ ಯಾರಿಗಾಗಿಯೂ ತಲೆಕೆಳಗಾಗುವುದಿಲ್ಲ. ಸಂದೇಶ ಬಂದ ಕೂಡಲೇ ಗಂಟೆ ಬಾರಿಸಿ ಇಡೀ ಊರನ್ನು ಸೇರಿಸುವ ಪ್ರಸಂಗಗಳು ಕಡಿಮೆಯಾಗುತ್ತವೆ. ತಾಕಲಾಟ ಇಲ್ಲದಿರುವುದು ಬರಹಗಾರರ ಆಲಸ್ಯದಿಂದಲ್ಲ, ಹಳೆಯ ತಾಕಲಾಟಗಳಿಗೆ ಕಾರಣವಾಗಿದ್ದ ಲೆಕ್ಕ ಈಗ ಸರಿಯಾಗಿದೆ. ಕೊನೆಯ ಮದುವೆಯ ಬಗ್ಗೆ ಮಾತ್ರ ನನಗೆ ಇಂದಿಗೂ ತಕರಾರಿದೆ. ನಾಯಕನೇ ಬೇಡವೆಂದು ಅಷ್ಟು ಗಟ್ಟಿಯಾಗಿ ಹೇಳಿದ ಕಾಮಿಕ್ಸಿಗೆ ಮಂಟಪದವರೆಗೆ ಹೋಗುವ ಅಗತ್ಯವಿರಲಿಲ್ಲ. ಐದೂವರೆ ವರ್ಷ ಕಾದ ಓದುಗರು ಸುಮ್ಮನೆ ಬಿಡುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ.